ಏಳು ಪಕ್ಷ, ಹದಿಮೂರು ಕುರ್ಚಿ



ಚುನಾವಣೆಯ ಫಲಿತಾಂಶ ಬಂದ ಮರುದಿನ ಊರ ಹೋಟೆಲಿನಲ್ಲಿ ನಡೆಯುವ ಚರ್ಚೆ ನಿಮಗೆಲ್ಲ ಗೊತ್ತೇ ಇದೆ. ಯಾರು ಗೆದ್ದರು, ಯಾರು ಸೋತರು ಎಂಬ ಮಾತು ಒಂದು ಚಾ ಕುಡಿಯುವುದರೊಳಗೆ ಮುಗಿಯುತ್ತದೆ. ಯಾರಿಗೆ ಯಾವ ಖಾತೆಯಂತೆ ಎಂಬ ಪ್ರಶ್ನೆ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಹಲವು ಪಕ್ಷಗಳು ಕೂಡಿ ಸರಕಾರ ರಚಿಸುವಾಗ ಮಂತ್ರಿಸ್ಥಾನ ಹಂಚುವ ಲೆಕ್ಕ ಯಾವುದು? 1967ರಲ್ಲಿ ಕೇರಳದಲ್ಲಿ ಅಧಿಕಾರಕ್ಕೆ ಬಂದ ಸಪ್ತಪಕ್ಷ ಸರಕಾರದ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

ಮೊದಲು ಹಿನ್ನೆಲೆ ನೋಡೋಣ. 1965ರ ಚುನಾವಣೆಯಲ್ಲಿ ಕೇರಳದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಗೆದ್ದ ಶಾಸಕರು ಒಮ್ಮೆಯೂ ಸಭೆ ಸೇರದೆ ವಿಧಾನಸಭೆ ವಿಸರ್ಜನೆಯಾಯಿತು. ಈ ಪೆಟ್ಟು ತಿಂದ ಏಳು ಪಕ್ಷಗಳು 1967ರಲ್ಲಿ ಚುನಾವಣೆಗೆ ಮೊದಲೇ ಒಂದಾದವು. ಒಟ್ಟು 133 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು 9 ಮಾತ್ರ. ಮಾರ್ಚ್ 6ರಂದು ಇ. ಎಂ. ಎಸ್. ನಂಬೂದಿರಿಪ್ಪಾಡ್ ಮುಖ್ಯಮಂತ್ರಿಯಾದರು.

ಈಗ ಹಂಚಿಕೆಯ ಲೆಕ್ಕ ಕೇಳಿ. ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷಕ್ಕೆ 52 ಸ್ಥಾನ; ಮುಖ್ಯಮಂತ್ರಿ ಸೇರಿ ನಾಲ್ಕು ಮಂತ್ರಿಗಳು. ಸಿ.ಪಿ.ಐ.ಗೆ 19, ಸಂಯುಕ್ತ ಸೋಷಲಿಸ್ಟರಿಗೂ 19, ತಲಾ ಇಬ್ಬರು. ಮುಸ್ಲಿಂ ಲೀಗಿಗೆ 14, ಅದಕ್ಕೂ ಇಬ್ಬರು. ಆರ್.ಎಸ್.ಪಿ.ಗೆ 6, ಕರ್ಷಕ ತೊಳಿಲಾಳಿ ಪಕ್ಷಕ್ಕೆ 2, ಕೇರಳ ಸೋಷಲಿಸ್ಟ್ ಪಕ್ಷಕ್ಕೆ ಒಂದೇ ಒಂದು. ಈ ಮೂರಕ್ಕೂ ಒಬ್ಬೊಬ್ಬ ಮಂತ್ರಿ. ಒಟ್ಟು ಹದಿಮೂರು. ಒಬ್ಬನೇ ಶಾಸಕನಿದ್ದ ಪಕ್ಷದ ಮತ್ತಾಯಿ ಮಾಂಜೂರಾನ್ ಕಾರ್ಮಿಕ ಮಂತ್ರಿಯಾದರು. ಇಬ್ಬರಿದ್ದ ಪಕ್ಷದ ಬಿ. ವೆಲ್ಲಿಂಗ್ಟನ್ ಆರೋಗ್ಯ ಮಂತ್ರಿಯಾದರು. ಚುನಾವಣೆಗೆ ಮುಂಚೆ ಕೊಟ್ಟ ಮಾತು ಗೆದ್ದ ಮೇಲೂ ನಿಂತಿತು.

ಆದರೆ ಆ ಮಾತಿಗೆ ತೆತ್ತ ಬೆಲೆಯನ್ನೂ ಗಮನಿಸಬೇಕು. ದೊಡ್ಡ ಪಕ್ಷದ ಬಲ ಸಭೆಯಲ್ಲಿ 52, ಸಂಪುಟದ ಮೇಜಿನ ಸುತ್ತ ಬರೀ ನಾಲ್ಕು. ಉಳಿದ ಒಂಬತ್ತು ಜನ ಬೇರೆಯವರು. ಸಂವಿಧಾನದ 164ನೆಯ ವಿಧಿಯ ಪ್ರಕಾರ ಮುಖ್ಯಮಂತ್ರಿಯ ಸಲಹೆಯ ಮೇರೆಗೆ ರಾಜ್ಯಪಾಲರು ಮಂತ್ರಿಗಳನ್ನು ನೇಮಿಸುತ್ತಾರೆ. ಕೂಡು ಸರಕಾರದಲ್ಲಿ ಹೆಸರು ಬರುವುದು ಮಾತ್ರ ಆಯಾ ಪಕ್ಷದಿಂದ. ಯಕ್ಷಗಾನ ಮೇಳದಲ್ಲಾದರೆ ಭಾಗವತರು ವೇಷ ಹಂಚುತ್ತಾರೆ. ಇಲ್ಲಿ ವೇಷಧಾರಿಗಳು ತಮ್ಮ ವೇಷ ತಾವೇ ಗೊತ್ತುಮಾಡಿಕೊಂಡು ಬರುತ್ತಾರೆ. ಒಬ್ಬ ಮಂತ್ರಿಯನ್ನು ಕೈಬಿಟ್ಟರೆ ಅವನ ಪಕ್ಷವೇ ಕೈಬಿಟ್ಟು ಹೋದೀತು.

ಹಂಚಿಕೆಯಿಂದ ಜನರಿಗೆ ಏನು ಸಿಕ್ಕಿತು? ಮುಸ್ಲಿಂ ಲೀಗಿನ ಉದಾಹರಣೆ ನೋಡಿ. 1960ರಲ್ಲಿ ಆ ಪಕ್ಷ ಗೆದ್ದ ಕೂಟದಲ್ಲೇ ಇತ್ತು. ಸಿಕ್ಕಿದ್ದು ಸಭಾಧ್ಯಕ್ಷರ ಪೀಠ ಮಾತ್ರ, ಮಂತ್ರಿಸ್ಥಾನವಲ್ಲ. 1967ರಲ್ಲಿ ಅದೇ ಪಕ್ಷದ ಸಿ. ಎಚ್. ಮುಹಮ್ಮದ್ ಕೋಯ ಶಿಕ್ಷಣ ಮಂತ್ರಿಯಾದರು. ಮರುವರ್ಷವೇ ಕಲ್ಲಿಕೋಟೆ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಮ್ಮ ಕಾಸರಗೋಡಿನ ಸರಕಾರಿ ಕಾಲೇಜೂ ಅದರ ವ್ಯಾಪ್ತಿಗೆ ಬಂತು. 1969ರ ಜೂನ್ 16ರಂದು ಮಲಪ್ಪುರಂ ಜಿಲ್ಲೆ ಹುಟ್ಟಿತು. ಕಂದಾಯ ಖಾತೆ ಕೆ. ಆರ್. ಗೌರಿ ಅವರ ಕೈಯಲ್ಲಿತ್ತು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಭೂಸುಧಾರಣಾ ತಿದ್ದುಪಡಿ ಮಸೂದೆ ಈ ಸರಕಾರದ ಕಾಲದಲ್ಲೇ ಸಭೆಯಲ್ಲಿ ಅಂಗೀಕಾರವಾಯಿತು.

ಒಳಗಿನ ಜಗಳ ಮಾತ್ರ ನಿಲ್ಲಲಿಲ್ಲ. ಮಂತ್ರಿಗಳ ಮೇಲೆ ಆರೋಪಗಳು ಬಂದವು. ಯಾರ ಮೇಲೆ ತನಿಖೆ, ಯಾರ ಮೇಲೆ ಬೇಡ ಎಂಬುದರಲ್ಲೇ ಮನೆ ಒಡೆಯಿತು. 1969ರ ಅಕ್ಟೋಬರ್ 24ರಂದು ನಂಬೂದಿರಿಪ್ಪಾಡ್ ರಾಜೀನಾಮೆ ಕೊಟ್ಟರು. ನವೆಂಬರ್ 1ರಂದು ಸಿ.ಪಿ.ಐ.ಯ ಸಿ. ಅಚ್ಯುತ ಮೇನನ್ ಮುಖ್ಯಮಂತ್ರಿಯಾದರು. ಆಗ ಅವರು ರಾಜ್ಯಸಭೆಯ ಸದಸ್ಯರು. 52 ಸ್ಥಾನದ ಪಕ್ಷ ವಿರೋಧದಲ್ಲಿ ಕೂತಿತು, 19 ಸ್ಥಾನದ ಪಕ್ಷ ನಾಯಕತ್ವ ವಹಿಸಿತು. ಕಾಂಗ್ರೆಸ್ ಹೊರಗಿನಿಂದ ಬೆಂಬಲ ನೀಡಿತು. ಸಣ್ಣ ಪಕ್ಷದ ನಾಯಕ ಬಾಳಲಾರನೆಂದು ಭಾವಿಸಿದವರಿಗೆ ಉತ್ತರವೂ ಸಿಕ್ಕಿತು; 1970ರ ಚುನಾವಣೆಯ ಬಳಿಕ ಮತ್ತೆ ಮುಖ್ಯಮಂತ್ರಿಯಾದ ಮೇನನ್ 1977ರವರೆಗೆ ಆಡಳಿತ ನಡೆಸಿದರು.

ಈ ಕಥೆಯಲ್ಲಿ ನಾವು ಕನ್ನಡಿಗರು ಎಲ್ಲಿದ್ದೆವು? 1967ರಲ್ಲಿ ಮಂಜೇಶ್ವರದಿಂದ ಕಳ್ಳಿಗೆ ಮಹಾಬಲ ಭಂಡಾರಿ, ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯ ಪಕ್ಷೇತರರಾಗಿ ಗೆದ್ದು ಹೋಗಿದ್ದರು. ಅದೇ ವರ್ಷ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಜಾರಿಗೆ ಬರಲಿಲ್ಲ. ಇಬ್ಬರು ಸದಸ್ಯರು ಸಭೆಯಲ್ಲಿ ಮಾತಾಡಬಹುದಿತ್ತು, ಸಂಪುಟದ ಮೇಜಿನ ಬಳಿ ಅವರಿಗೆ ಕುರ್ಚಿ ಇರಲಿಲ್ಲ. ಒಬ್ಬನೇ ಇದ್ದ ಪಕ್ಷಕ್ಕೆ ಕುರ್ಚಿ ಸಿಕ್ಕಿತಲ್ಲ, ಇಬ್ಬರಿದ್ದ ನಮಗೇಕಿಲ್ಲ ಎಂದು ಕೇಳಬಹುದು. ಅವರು ಕೂಟದ ಒಳಗೆ, ನಾವು ಹೊರಗೆ, ಅಷ್ಟೇ ವ್ಯತ್ಯಾಸ.

1980ರಲ್ಲಿ ಇ. ಕೆ. ನಾಯನಾರ್ ಅವರ ಸಂಪುಟದಲ್ಲಿ ಮಂಜೇಶ್ವರದ ಶಾಸಕ ಡಾ. ಎ. ಸುಬ್ಬರಾವ್ ನೀರಾವರಿ ಮಂತ್ರಿಯಾದರು. ಅವರು ಹೋದದ್ದು ಭಾಷೆಯ ಹೆಸರಿನಲ್ಲಲ್ಲ, ಕೂಟದೊಳಗಿದ್ದ ಸಿ.ಪಿ.ಐ.ಯ ಬಾಗಿಲಿನಿಂದ. ಆ ಸರಕಾರವೂ ಮಿತ್ರಪಕ್ಷ ಬೆಂಬಲ ಹಿಂತೆಗೆದುಕೊಂಡಾಗ 1981ರ ಅಕ್ಟೋಬರಿನಲ್ಲಿ ಬಿತ್ತು.

1967ರ ರೂಢಿ ಮುಂದೆಯೂ ಉಳಿಯಿತು. 2003ರ ಸಂವಿಧಾನ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ಶಾಸಕರ ಶೇಕಡಾ 15ಕ್ಕೆ ಮಿತಿಗೊಳಿಸಿತು. 140 ಸದಸ್ಯರ ಕೇರಳಕ್ಕೆ ಅದು 21. ಕುರ್ಚಿ ಸಾಲದಾದಾಗ 2021ರ ಸರಕಾರದಲ್ಲಿ ಒಬ್ಬೊಬ್ಬ ಶಾಸಕನಿದ್ದ ನಾಲ್ಕು ಪಕ್ಷಗಳು ಎರಡು ಕುರ್ಚಿಯನ್ನು ತಲಾ ಎರಡೂವರೆ ವರ್ಷದಂತೆ ಹಂಚಿಕೊಂಡವು. 2023ರ ಡಿಸೆಂಬರಿನಲ್ಲಿ ಬದಲಾವಣೆಯೂ ನಡೆಯಿತು.

ಶ್ರೋತೃಗಳೇ, ಗಡಿಯ ಯಾವ ಕಡೆಯಲ್ಲಿದ್ದರೂ ನಮ್ಮ ಶಾಲೆ, ಪಹಣಿ, ನೀರು ಎಲ್ಲವೂ ಯಾವುದೋ ಒಂದು ಖಾತೆಯೊಳಗಿವೆ. ಇನ್ನೊಮ್ಮೆ ಸಂಪುಟದ ಪಟ್ಟಿ ಪೇಪರಿನಲ್ಲಿ ಬಂದಾಗ ಮುಖ್ಯಮಂತ್ರಿಯ ಹೆಸರಿಗೇ ನಿಲ್ಲದೆ ಕೊನೆಯ ಸಾಲಿನವರೆಗೂ ಓದಿ. ನಮ್ಮ ಕೆಲಸದ ಕಡತ ಆ ಕೊನೆಯ ಸಾಲಿನವರ ಕೈಯಲ್ಲಿರಬಹುದು.