ಕಡೂರು ಸೀಮೆಯ ಹೆರಿಗೆಯೂ ಹೊಲಿಗೆಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ಗ್ರಾಮಗಳಲ್ಲಿ, ಎರಡು ಮೂರು ತಲೆಮಾರುಗಳ ಹಿಂದಿನವರೆಗೂ, ಪ್ರಸವವೆಂಬುದು ಮನೆಯ ಕತ್ತಲಕೋಣೆಯಲ್ಲಿ ಸೂಲಗಿತ್ತಿಯ ಅಧೀನದಲ್ಲಿ ನೆರವೇರುತ್ತಿದ್ದ ಕಾರ್ಯವಾಗಿತ್ತು. ಅನುಭವಸ್ಥೆಯಾದವಳು ಶಿಶುವಿನ ಶಿರಸ್ಸು ತೋರಿದೊಡನೆ ಬಸುರಿಯನ್ನು ಮುಕ್ಕಗೊಡದೆ, ಹರಳೆಣ್ಣೆ ಸವರಿದ ಅಂಗೈಯನ್ನು ಕೆಳಗೊತ್ತಿ, ತಲೆಯು ಮೆಲ್ಲಮೆಲ್ಲನೆ ಜಾರುವಂತೆ ತಡೆಹಿಡಿಯುತ್ತಿದ್ದಳು; ಇದು ಇಂದಿನ ಪ್ರಸೂತಿಶಾಸ್ತ್ರವೂ ಒಪ್ಪುವ ಜಾಣ್ಮೆ. ಆದರೂ ಚೊಚ್ಚಲು ಹೆರಿಗೆಯಲ್ಲಿ, ಕೂಸು ದಪ್ಪವಾಗಿದ್ದಾಗ, ಯೋನಿದ್ವಾರದ ಸೀಳು ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿನವರೆಗೆ ಹರಿಯುವುದುಂಟು. ಆಗ ಆ ಕೈಗೆ ಉಪಾಯವಿರಲಿಲ್ಲ. ಬಿಸಿನೀರು, ಸಾಂಬ್ರಾಣಿಯ ಹೊಗೆ, ಅಗ್ಗಿಷ್ಟಿಕೆಯ ಕಾವು, ಇವು ಮೇಲಿನ ಗಾಯವನ್ನು ಒಣಗಿಸಿಯಾವು. ತುಂಡಾದ ಸ್ನಾಯುವಿನ ಎರಡು ತುದಿಗಳೋ ಹಿಂದಕ್ಕೆ ಸೆಳೆದುಕೊಂಡು ಬೇರೆಬೇರೆಯಾಗಿಯೇ ಮಾಯುತ್ತಿದ್ದವು. ವಾಯುವನ್ನೂ ಮಲವನ್ನೂ ತಡೆಯಲಾರದವಳು ಮದುವೆಮನೆಗೆ, ಜಾತ್ರೆಗೆ, ಕಡೆಗೆ ತವರಿಗೂ ಹೋಗಲು ಅಳುಕುತ್ತಿದ್ದಳು. ಮಲೆನಾಡಿನ ಅಂಚಿನ ಚಳಿಜ್ವರದಿಂದ ರಕ್ತಹೀನಳಾದವಳಿಗೆ ಬಾಣಂತನದ ಚೇತರಿಕೆಯೇ ದುಸ್ತರವಾಗಿತ್ತು.

ಹೊಲಿಗೆ ನಮಗೆ ಅಪರಿಚಿತವಾಗಿತ್ತೆನ್ನುವಂತಿಲ್ಲ. ಸುಶ್ರುತಸಂಹಿತೆಯು ವ್ರಣಗಳ ಸೀವನಕ್ಕೆ ಸಣಬಿನ ದಾರ, ನಾರುಮಡಿಯ ಎಳೆ, ಸ್ನಾಯು, ಕೂದಲುಗಳನ್ನು ಹೇಳುತ್ತದೆ. ಆದರೆ ಆ ಗ್ರಂಥವಿದ್ಯೆ ಸೂತಿಕಾಗೃಹದ ಹೊಸ್ತಿಲನ್ನು ದಾಟಿ ಸೂಲಗಿತ್ತಿಗೆ ದಕ್ಕಲಿಲ್ಲ. ಪಶ್ಚಿಮದಲ್ಲಿಯೂ 1846ರಲ್ಲಿ ಈಥರಿನ ಅರಿವಳಿಕೆ, 1867ರಲ್ಲಿ ಲಿಸ್ಟರನ ಕ್ರಿಮಿನಾಶಕ ವಿಧಾನ ಬರುವವರೆಗೆ, ಮಲದ ಸೋಂಕಿಗೆ ಸದಾ ತೆರೆದಿರುವ ಈ ಸ್ಥಳದಲ್ಲಿ ಹಾಕಿದ ಹೊಲಿಗೆ ಬಿಚ್ಚಿಹೋಗುವುದೇ ಹೆಚ್ಚಾಗಿತ್ತು. ವೈದ್ಯರು ಅದನ್ನು ಮರೆತು ಹಳ್ಳಿಯ ಸೂಲಗಿತ್ತಿಯನ್ನು ಮಾತ್ರ ಹಳಿದುದು ನ್ಯಾಯವೆಂದು ನನಗೆ ತೋರದು.

1889ರ ವೇಳೆಗೆ ಹರಿಹರ ಮುಟ್ಟಿದ ರೈಲುಹಾದಿ ಕಡೂರು, ಅಜ್ಜಂಪುರಗಳನ್ನು ಬೆಂಗಳೂರಿಗೆ ಬೆಸೆಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗೆಗೂ ಗಾಡಿ ಓಡಿತು. 1935ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಆದರೆ ರೈಲು ಹತ್ತುವಷ್ಟು ಚೇತರಿಸಿಕೊಂಡವಳ ಗಾಯವು ಅಷ್ಟರೊಳಗೆ ಹಳತಾಗಿರುತ್ತಿತ್ತು. ಹಳೆಯ ಸೀಳಿಗೆ ಕಲೆಗಟ್ಟಿದ ಅಂಚನ್ನು ಬಿಡಿಸಿ, ಅಡಗಿದ ಸ್ನಾಯುತುದಿಗಳನ್ನು ಹುಡುಕಿ ಕೂಡಿಸಬೇಕು, ಹಸಿಯ ಗಾಯದ ಹೊಲಿಗೆಗಿಂತ ಅದು ಬಹಳ ಕಷ್ಟದ ಕೆಲಸ.

ಈಗ ಮೊದಲು ಗುದನಾಳದ ಒಳಪೊರೆ, ಅನಂತರ ಒಳಸ್ನಾಯು, ಹೊರಸ್ನಾಯು, ಕೊನೆಗೆ ಚರ್ಮ, ಹೀಗೆ ಪದರಪದರವಾಗಿ, ತಾನೇ ಕರಗುವ ದಾರದಿಂದ ಹೊಲಿಯುತ್ತಾರೆ; ಮಲ ಗಟ್ಟಿಯಾಗದಂತೆ ಔಷಧಿಯನ್ನೂ ಕೊಡುತ್ತಾರೆ. ಸ್ನಾಯುವು ಎಷ್ಟು ಹರಿದಿದೆಯೆಂಬುದನ್ನು ಸೂಕ್ಷ್ಮವಾಗಿ ವಿಂಗಡಿಸುವ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಕ್ರಮವನ್ನು ಸುಲ್ತಾನರೆಂಬ ವೈದ್ಯರು 1999ರಲ್ಲಿ ಸೂಚಿಸಿದರು. 2008ರಿಂದ 108ರ ಆಂಬುಲೆನ್ಸ್ ವಾಹನ ಬಂದುದರಿಂದ ಹಳ್ಳಿಯ ಬಾಣಂತಿಯು ಮೊದಲ ತಾಸುಗಳಲ್ಲಿಯೇ ಆಸ್ಪತ್ರೆ ಸೇರುವುದು ಸಾಧ್ಯವಾಗಿದೆ. ಆದರೆ ಚರ್ಮದ ಕೆಳಗೆ ಹರಿದ ಸ್ನಾಯು ಹೊರಗಣ್ಣಿಗೆ ಕಾಣಿಸದಾದ್ದರಿಂದ, ಹೊಲಿಗೆಗೆ ಮೊದಲು ಕೈಗವಸು ತೊಟ್ಟು ಗುದದೊಳಗೆ ಬೆರಳಿನಿಂದ ಪರೀಕ್ಷಿಸದ ಹೊರತು, ಆಸ್ಪತ್ರೆಯಲ್ಲಿಯೂ ಅದು ತಪ್ಪಿಹೋಗುವುದುಂಟು.