ಆಟಿಕೆ ಕ್ಯಾಮೆರಾದ ಫೋಟೋ: ಜಾದೂನಾ, ದೋಷನಾ?

ಅಂಚು ಕಪ್ಪು, ನಡುಭಾಗ ಮಾತ್ರ ಸ್ಪಷ್ಟ, ಮಧ್ಯೆ ಒಂದು ಕೆಂಪು ಗೆರೆ. ಇಂತಹ ಚೌಕ ಫೋಟೋ ನಿಮಗೂ ಬಂದಿರಬಹುದು. ಕೆಲವರು ಇದನ್ನು ‘ಹಳೇ ಕ್ಯಾಮೆರಾದ ಜಾದೂ’ ಎನ್ನುತ್ತಾರೆ, ಇನ್ನು ಕೆಲವರು ‘ಆತ್ಮದ ನೆರಳು’ ಎಂದು ಹಂಚುತ್ತಾರೆ. ನಿಜಾಂಶ ಏನು?

ಹೋಲ್ಗಾ ಎಂದರೇನು?

ಆಟಿಕೆ ಕ್ಯಾಮೆರಾಗಳಲ್ಲಿ ಹೆಸರುವಾಸಿಯಾದದ್ದು ಹೋಲ್ಗಾ. 1980ರ ದಶಕದ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಟಿ. ಎಂ. ಲೀ ಇದನ್ನು ರೂಪಿಸಿದರು. ಸಾಮಾನ್ಯ ಕುಟುಂಬಗಳ ಕೈಗೆಟುಕುವ ಕ್ಯಾಮೆರಾ ಕೊಡುವುದೇ ಉದ್ದೇಶವಾಗಿತ್ತು. ಒಂದು ರೀಲಿಗೆ 12 ಚೌಕ ಫೋಟೋ ಬರುತ್ತವೆ.

ಫೋಟೋ ಹಾಗೇಕೆ ಬರುತ್ತದೆ?

• ಕಪ್ಪು, ಮಸುಕು ಅಂಚು: ಒಂದೇ ತುಂಡಿನ ಸರಳ ಮಸೂರ ಇಡೀ ಫಿಲ್ಮಿಗೆ ಸಮನಾಗಿ ಬೆಳಕು ಹರಡುವುದಿಲ್ಲ, ಅಂಚಿನಲ್ಲಿ ಫೋಕಸ್ ಕೂಡ ತಪ್ಪುತ್ತದೆ.
• ಕೆಂಪು ಗೆರೆ: ಪೆಟ್ಟಿಗೆಯ ಸಂದಿಯಿಂದ ಬೆಳಕು ಒಳಗೆ ಸೋರಿದ ಗುರುತು. ಅದಕ್ಕೇ ಬಳಕೆದಾರರು ಕ್ಯಾಮೆರಾಕ್ಕೆ ಕಪ್ಪು ಟೇಪ್ ಸುತ್ತುತ್ತಾರೆ.
• ಪಾರದರ್ಶಕ ‘ಆತ್ಮ’: ಫಿಲ್ಮ್ ಮುಂದಕ್ಕೆ ಸುತ್ತದಿದ್ದರೂ ಶಟರ್ ಒತ್ತಬಹುದು. ಆಗ ಒಂದರ ಮೇಲೊಂದು ಎರಡು ಚಿತ್ರ ಮೂಡುತ್ತವೆ.

ಪ್ಲಾಸ್ಟಿಕ್ ಮಸೂರವೇ ಕಾರಣವೇ?

ಪೂರ್ತಿ ಅಲ್ಲ. ಹೆಚ್ಚಿನ ಮೊಬೈಲ್ ಕ್ಯಾಮೆರಾಗಳ ಮಸೂರಗಳೂ ಪ್ಲಾಸ್ಟಿಕ್ಕೇ! ಆದರೆ ಅಲ್ಲಿ ನಿಖರವಾಗಿ ರೂಪಿಸಿದ ಹಲವು ಮಸೂರಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದರ ದೋಷವನ್ನು ಇನ್ನೊಂದು ಸರಿಪಡಿಸುತ್ತದೆ, ಉಳಿದದ್ದನ್ನು ಸಾಫ್ಟ್‌ವೇರ್ ತಿದ್ದುತ್ತದೆ. ಹೋಲ್ಗಾದಲ್ಲಿ ತಿದ್ದುವವರು ಯಾರೂ ಇಲ್ಲ.

ಹಾಗಾದರೆ ಜನರಿಗೆ ಇಷ್ಟವೇಕೆ?

ತಿದ್ದುವವರಿಲ್ಲ ಎಂಬುದೇ ಆಕರ್ಷಣೆ. ಪ್ರತಿ ಕ್ಯಾಮೆರಾ ಬೇರೆ ರೀತಿ ಸೋರುತ್ತದೆ. ಫಿಲ್ಮ್ ತೊಳೆಯುವವರೆಗೆ ಫಲಿತಾಂಶ ಗೊತ್ತಾಗುವುದಿಲ್ಲ. ಇರುವುದು ಹನ್ನೆರಡೇ ಫೋಟೋ ಎಂದಾಗ ಪ್ರತಿಯೊಂದನ್ನೂ ಯೋಚಿಸಿ ತೆಗೆಯುತ್ತೇವೆ. 2000ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಡೇವಿಡ್ ಬರ್ನೆಟ್ ಹೋಲ್ಗಾದಲ್ಲಿ ತೆಗೆದ ಅಲ್ ಗೋರ್ ಚಿತ್ರ ಪ್ರಶಸ್ತಿಯನ್ನೂ ಗೆದ್ದಿತು. ಅಲ್ಲಿ ಗೆದ್ದದ್ದು ಕ್ಯಾಮೆರಾದ ಬೆಲೆಯಲ್ಲ, ಹಿಡಿದವರ ಕಣ್ಣು.

2010ರಲ್ಲಿ ಬಂದ ಇನ್‌ಸ್ಟಾಗ್ರಾಮ್‌ನ ಚೌಕ ಫೋಟೋ, ಫಿಲ್ಟರ್‌ಗಳ ಹಿಂದೆಯೂ ಹೋಲ್ಗಾದ ಪ್ರಭಾವವಿದೆ. ಸಹಸ್ಥಾಪಕ ಕೆವಿನ್ ಸಿಸ್ಟ್ರಮ್ ಇಟಲಿಯಲ್ಲಿ ಓದುವಾಗ ಈ ಕ್ಯಾಮೆರಾ ಬಳಸಿದ್ದರು.

ಫಾರ್ವರ್ಡ್ ಮಾಡುವ ಮುನ್ನ

ಕೆಂಪು ಗೆರೆ, ಮಸುಕು ಆಕೃತಿ ಕಂಡರೆ ಮೊದಲು ಮೂರು ಪ್ರಶ್ನೆ ಕೇಳಿ: ಬೆಳಕು ಸೋರಿತೇ? ಎರಡು ಚಿತ್ರ ಸೇರಿವೆಯೇ? ಆ್ಯಪ್ ಫಿಲ್ಟರೇ? ಫೋಟೋ ಚಂದವಿದ್ದರೆ ಹಂಚಿ, ‘ಆತ್ಮ’ದ ಕತೆ ಬಿಡಿ. ತೀರಿಹೋದವರ ಹೆಸರಿನಲ್ಲಿ ಹರಡುವ ಇಂತಹ ಫೋಟೋ, ನೋವಿನಲ್ಲಿರುವ ಅವರ ಮನೆಯವರನ್ನೂ ತಲುಪಬಹುದು.