ಅಮೆಜಾನಿನ ಕರಿಮಣ್ಣು, ಕೊಳಚೆ ನೀರಿನ ಸೊಪ್ಪು

1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ ಸಾವಿರಾರು ಜನ ಹಸಿವಿನಿಂದ ಸತ್ತರು. ವಿಮ್ ಸೋಂಬ್ರೂಕ್ ಎಂಬ ಹುಡುಗನ ಮನೆಯವರನ್ನು ಉಳಿಸಿದ್ದು ಒಂದು ತುಂಡು ನೆಲದ ಬೆಳೆ. ತಲೆಮಾರುಗಳಿಂದ ಕೊಟ್ಟಿಗೆಗೊಬ್ಬರ ಉಂಡ ನೆಲ ಅದು. ಮುಂದೆ ಮಣ್ಣುವಿಜ್ಞಾನಿಯಾಗಿ ಬ್ರೆಜಿಲ್‌ಗೆ ಹೋದ ಸೋಂಬ್ರೂಕ್‌ಗೆ ಅಮೆಜಾನ್ ಕಾಡಿನಲ್ಲೂ ಮನುಷ್ಯರೇ ಮಾಡಿದ ಫಲವತ್ತಾದ ಕರಿಮಣ್ಣು ಕಂಡಿತು. ಅಮೆಜಾನಿನ ಮಣ್ಣುಗಳ ಬಗ್ಗೆ 1966ರಲ್ಲಿ ಅವರು ಬರೆದ ಪುಸ್ತಕವೇ ಇಂದಿನ ಬಯೋಚಾರ್, ಅಂದರೆ ಮಣ್ಣಿಗೆ ಬೆರೆಸುವ ಇದ್ದಿಲಿನ, ಸಂಶೋಧನೆಗೆ ದಾರಿ ತೆರೆಯಿತು.

ಕರಿಮಣ್ಣನ್ನು ಕಂಡವರಲ್ಲಿ ಅವರು ಮೊದಲಿಗರೇನಲ್ಲ. 1870ರ ದಶಕದಲ್ಲಿ ಬ್ರೆಜಿಲ್‌ನ ಸಾಂತಾರೆಂ ಊರಿನ ಸುತ್ತ ತಿರುಗಾಡಿದ ಭೂವಿಜ್ಞಾನಿ ಚಾರ್ಲ್ಸ್ ಹಾರ್ಟ್ ಮತ್ತು ಅವರ ಶಿಷ್ಯ ಹರ್ಬರ್ಟ್ ಸ್ಮಿತ್ ಈ ಮಣ್ಣಿನ ತುಂಬ ಮಡಕೆ ಚೂರುಗಳನ್ನು ನೋಡಿದ್ದರು. ಅದರ ಮೇಲೆ ಕಬ್ಬು, ತಂಬಾಕು ಹುಲುಸಾಗಿ ಬೆಳೆಯುತ್ತಿತ್ತು. ಸುತ್ತಲಿನ ಹುಳಿ ಮಣ್ಣಿನ ಸತ್ವವನ್ನೆಲ್ಲ ಮಳೆ ತೊಳೆದೊಯ್ದರೂ ಇದು ಮಾತ್ರ ಹಿಡಿದಿಟ್ಟುಕೊಂಡಿತ್ತು. ಯುರೋಪಿಯನ್ನರು ಬರುವ ಮೊದಲು ಅಲ್ಲಿ ಬಾಳಿದ್ದ ಜನ ಬಿಟ್ಟುಹೋದ ಇದ್ದಿಲು, ಬೂದಿ, ಮೀನಿನ ಮೂಳೆ, ಅಡುಗೆಮನೆಯ ಕಸ ಎಲ್ಲವೂ ಸೇರಿ ಆದ ಮಣ್ಣು ಅದು.

ಗೊಬ್ಬರದ ಸತ್ವವನ್ನು ಹಿಡಿಯುವ ಇದ್ದಿಲು, ಕೊಳಚೆ ನೀರು ಹೊಲಕ್ಕೆ ತರುವ ವಿಷವನ್ನೂ ಹಿಡಿಯಬಲ್ಲದೆ?

ಹಿಡಿಯಬಲ್ಲದು. ಹೆಚ್ಚು ಗಾಳಿಯಾಡದಂತೆ ಮುಚ್ಚಿ, ಸುಮಾರು 350ರಿಂದ 700 ಡಿಗ್ರಿ ಶಾಖದಲ್ಲಿ ಬೇಯಿಸಿದ ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಕಟ್ಟಿಗೆ ಯಾವುದೇ ಇರಲಿ, ಅದರ ಮೈತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ. ಅದರಲ್ಲಿರುವ ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ. ಆಗ ಕ್ಯಾಡ್ಮಿಯಂ, ಸೀಸ ನೀರಿನಲ್ಲಿ ಕರಗುವುದು ಕಡಿಮೆಯಾಗಿ, ಇದ್ದಿಲಿನ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಬೇರಿಗೆ ಸಿಗುವ ಪಾಲು ಇಳಿಯುತ್ತದೆ. ಸೊಪ್ಪಿನ ಬೆಳೆಗೆ ಇದು ಮುಖ್ಯ, ಏಕೆಂದರೆ ಕ್ಯಾಡ್ಮಿಯಂ ಬೇರಿನಲ್ಲೇ ನಿಲ್ಲದೆ ನೀರಿನೊಂದಿಗೆ ಎಲೆಗೆ ಏರುತ್ತದೆ, ನಾವು ತಿನ್ನುವುದೂ ಎಲೆಯನ್ನೇ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋ ಸೊಪ್ಪಿನಲ್ಲಿ 0.2 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇರಕೂಡದು. ಸೀಸಕ್ಕೆ ಮಿತಿ 0.3 ಮಿಲಿಗ್ರಾಂ.

ಆದರೆ ಎಲ್ಲ ವಿಷಕ್ಕೂ ಇದೊಂದೇ ಮದ್ದಲ್ಲ. ಬ್ರಿಟನ್ನಿನಲ್ಲಿ ಹಲವು ಲೋಹಗಳಿಂದ ಕೆಟ್ಟ ಮಣ್ಣಿಗೆ ಬಯೋಚಾರ್ ಬೆರೆಸಿದಾಗ ಮಣ್ಣಿನ ನೀರಿನಲ್ಲಿ ಕ್ಯಾಡ್ಮಿಯಂ, ಸತು ಇಳಿದವು. ಆರ್ಸೆನಿಕ್, ತಾಮ್ರ ಏರಿದವು. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಮಣ್ಣು ಮೊದಲೇ ಕ್ಷಾರವಾಗಿದ್ದರೆ ಬಯೋಚಾರ್‌ನ ಲಾಭವೂ ಕಡಿಮೆ. ಚರಂಡಿಯ ಕೆಸರನ್ನೇ ಸುಟ್ಟು ಮಾಡಿದ್ದಾದರೆ ಅದರೊಳಗೇ ಲೋಹ ಸೇರಿರಬಹುದು.

ಬೆಂಗಳೂರಿಗರಿಗೆ ಮಣ್ಣಿಗೆ, ಸೊಪ್ಪಿಗೆ ಲೋಹ ಸೇರುವುದು ದೂರದ ಮಾತೇನಲ್ಲ. ಬೆಳ್ಳಂದೂರು ಕೆರೆಯ ನೀರಿನಲ್ಲಿರುವ ಭಾರ ಲೋಹಗಳು ಅಲ್ಲಿನ ಮಣ್ಣು, ಬೆಳೆಗಳ ಮೇಲೆ ಬೀರಿದ ಪರಿಣಾಮವನ್ನು ಅಳೆದ ಅಧ್ಯಯನವೊಂದು 2006ರಲ್ಲೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಬಸವನಗುಡಿಯ ಆಸುಪಾಸಿನಲ್ಲಿ ಹುಟ್ಟುವ ವೃಷಭಾವತಿಯೂ ನಗರದ ಕೊಳಚೆಯನ್ನು, ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಆ ನೀರನ್ನೇ ನಂಬಿ ಬೇಸಾಯ ನಡೆದಿದೆ.

ಬಯೋಚಾರ್ ಲೋಹವನ್ನು ಮಣ್ಣಿನಿಂದ ಹೊರಗೆ ಹಾಕುವುದಿಲ್ಲ, ಕಟ್ಟಿಹಾಕುತ್ತದೆ ಅಷ್ಟೆ. ದಿನವೂ ಹೊಸ ಲೋಹ ಹರಿದು ಬರುವ ಹೊಲದಲ್ಲಿ ಅದರ ಶಕ್ತಿಗೂ ಒಂದು ಮಿತಿಯಿದೆ. ಮಣ್ಣು, ನೀರು ಎರಡನ್ನೂ ಪರೀಕ್ಷಿಸಿಯೇ ಅದನ್ನು ಬಳಸಬೇಕು. ಕಾರ್ಖಾನೆಯ ತ್ಯಾಜ್ಯವನ್ನು ಕಾರ್ಖಾನೆಯಲ್ಲೇ ಶುದ್ಧೀಕರಿಸಬೇಕು; ಆ ಹೊಣೆಯನ್ನು ಸೊಪ್ಪು ಬೆಳೆಯುವ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ.